ಇಬ್ರಾಹಿಮನ ಕಾರಿನ ಗೈರೋ

ಎಪ್ಪತ್ತು ದಾಟಿದವನು ತಪ್ಪೊಪ್ಪಿಕೊಳ್ಳುತ್ತೇನೆ ಎಂದರೆ ಓದುವವರು ಏನೋ ದೊಡ್ಡದನ್ನೇ ನಿರೀಕ್ಷಿಸುತ್ತಾರೆ. ನನ್ನದು ಒಂದು ತಿರುಪಿಗೆ ಸಂಬಂಧಿಸಿದ ತಪ್ಪು. ತಿರುಪು ಎಷ್ಟು ಚಿಕ್ಕದೆಂದರೆ ಅದನ್ನು ನೋಡಲು ಕನ್ನಡಕದ ಮುಂದೆ ಇನ್ನೊಂದು ಭೂತಗನ್ನಡಿ ಹಿಡಿಯಬೇಕು. ತಪ್ಪು ಮಾತ್ರ ಬರಿಗಣ್ಣಿಗೇ ಕಾಣುತ್ತದೆ.

ಆ ತಿರುಪು ಇರುವುದು ಒಂದು ಆಟದ ಕಾರಿನೊಳಗೆ. ಮೊಳದುದ್ದದ ಕಾರು, ರಿಮೋಟಿನಲ್ಲಿ ಓಡುತ್ತದೆ. ಓಡುತ್ತದೆ ಎನ್ನುವುದಕ್ಕಿಂತ ಜಾರುತ್ತದೆ ಎನ್ನುವುದು ಸರಿ. ಡ್ರಿಫ್ಟ್ ಎಂದು ಇದರ ಹೆಸರು. ಟಯರು ರಬ್ಬರಿನದಲ್ಲ, ಗಟ್ಟಿ ಪ್ಲಾಸ್ಟಿಕ್ಕಿನದು. ನೆಲ ಹಿಡಿಯಬಾರದೆಂದೇ ಮಾಡಿದ್ದು. ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಜಾರುತ್ತದೆ, ಮುಂದಿನ ಚಕ್ರಗಳು ತಿರುವಿಗೆ ವಿರುದ್ಧವಾಗಿ ನೋಡುತ್ತವೆ, ಕಾರು ಅಡ್ಡಡ್ಡವಾಗಿಯೇ ಮುಂದೆ ಸಾಗುತ್ತದೆ. ಮಳೆಗಾಲದ ಹೆತ್ತೂರು ರಸ್ತೆಯಲ್ಲಿ ಜೀಪು ಹೀಗೆ ಹೋದರೆ ಒಳಗಿದ್ದವರು ಊರು ಮುಟ್ಟಿದ ಮೇಲೆ ದೇವರಿಗೆ ಕಾಯಿ ಒಡೆಸುತ್ತಿದ್ದರು. ನಾವು ಅದನ್ನೇ ಬೇಕೆಂದು ಮಾಡಿ, ಚೆನ್ನಾಗಿ ಬಂತು ಎಂದು ತಲೆಯಾಡಿಸುತ್ತೇವೆ.

ನಾವು ಎಂದರೆ ಮೂವರು. ನಾನು, ಬಾಳ್ಳುಪೇಟೆಯಲ್ಲಿ ಮೊದಲು ರೇಡಿಯೋ, ಆಮೇಲೆ ಟಿ.ವಿ., ಕೊನೆಕೊನೆಗೆ ಬರೀ ಮಿಕ್ಸಿ ರಿಪೇರಿ ಮಾಡಿಕೊಂಡಿದ್ದವನು. ಅದೇ ಪೇಟೆಯ ಇಬ್ರಾಹಿಂ, ಹೆತ್ತೂರು ಕಡೆಯ ಎಸ್ಟೇಟುಗಳಿಂದ ಕಾಫಿ ಮೂಟೆ, ಕೆಲಸದಾಳು, ಹೆರಿಗೆಗೆ ಹೊರಟ ಹೆಂಗಸರು ಎಲ್ಲರನ್ನೂ ಒಂದೇ ಜೀಪಿನಲ್ಲಿ ಸಕಲೇಶಪುರಕ್ಕೆ ಇಳಿಸಿದವನು. ಮೂರನೆಯವನು ಆಲೂರು ಕಡೆಯ ನಂಜೇಗೌಡ. ಅವನಿಗೆ ಕಾಫಿ ತೋಟವಿದೆ, ಹೋಂಸ್ಟೇ ಇದೆ. ನಮಗೆ ಮುಖ್ಯವಾಗುವುದು ಅವನ ಕಣ. ಕಾಫಿ ಒಣಗಿಸಲು ನುಣ್ಣಗೆ ಸಾರಿಸಿದ ಸಿಮೆಂಟಿನ ಅಂಗಳ ಅದು. ಹೋಂಸ್ಟೇಗೆ ಬಂದಿದ್ದ ಅತಿಥಿಯೊಬ್ಬ ಆ ಕಣದಲ್ಲಿ ಇಂಥ ಕಾರು ಓಡಿಸಿ ತೋರಿಸಿ ಹೊರಟುಹೋದ. ನೋಡುತ್ತ ಕುಳಿತಿದ್ದ ನಾವು ಒಬ್ಬೊಬ್ಬರೂ ಒಂದೊಂದು ತರಿಸಿಕೊಂಡೆವು, ಇನ್ನೂ ಸುಧಾರಿಸಿಕೊಂಡಿಲ್ಲ.

ಕಾಫಿ ಮೂಟೆಗೆ ಸೇರಿದ ಮೇಲೆ ಮಳೆ ಹಿಡಿಯುವವರೆಗೆ ಕಣ ನಮ್ಮದು. ಪೂರ್ತಿ ನಮ್ಮದಲ್ಲ, ಅರ್ಧಕ್ಕೆ ಮೆಣಸು ಹರಡಿರುತ್ತದೆ. ಕಾಳುಮೆಣಸಿನೊಳಗೆ ನುಗ್ಗಿದ ಕಾರನ್ನು ಯಾವ ವಿದ್ಯೆಯೂ ಹಿಡಿದು ನಿಲ್ಲಿಸಲಾರದು. ನಂಜೇಗೌಡನ ಹೆಂಡತಿ ಜಯಮ್ಮ ಮೊದಲ ದಿನವೇ ನಿಯಮ ಹೇಳಿಬಿಟ್ಟರು: “ಆಡೋದಾದ್ರೆ ಆಡಿ. ಮೊದ್ಲು ಮೆಣಸೊಂದ್ಸಲ ಕೆದಕ್ಬುಟ್ಟು ಆಮೇಲೆ ಆಡಿ.” ಅಂದಿನಿಂದ ಮೂವರೂ ಮೆಣಸು ಕೆದಕಿಯೇ ರಿಮೋಟು ಮುಟ್ಟುವುದು.

ಆಡುವುದಕ್ಕಿಂತ ಹೊಂದಿಸುವುದೇ ಹೆಚ್ಚು. ಸ್ಪ್ರಿಂಗಿನ ಬಿಗಿ, ಚಕ್ರದ ಓರೆ, ಬ್ಯಾಟರಿ ಒಂದು ಬೆರಳು ಹಿಂದೋ ಮುಂದೋ. ಒಮ್ಮೆ ಶಾಕ್ ಅಬ್ಸಾರ್ಬರಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿದೆ. ಕಾರು ಕಪ್ಪೆಯಂತೆ ಕುಪ್ಪಳಿಸಿತು. ಹಾಡುಗಾರರು ತಂಬೂರಿಯ ಬಿರಡೆ ತಿರುಗಿಸುತ್ತಲೇ ಹೊತ್ತು ಕಳೆಯುವುದನ್ನು ನೋಡಿ ಹಿಂದೆ ನಾನು ನಕ್ಕಿದ್ದುಂಟು. ಅವರ ಕ್ಷಮೆ ಕೇಳುತ್ತೇನೆ. ರೇಡಿಯೋದಲ್ಲಿ ಮುಳ್ಳು ಸರಿಸಿದರೆ ಎಲ್ಲೋ ಒಂದು ಕಡೆ ಸ್ಟೇಷನ್ ಇದ್ದೇ ಇರುತ್ತದೆ. ಕಾರಿನಲ್ಲಿ ಆ ಭರವಸೆಯೂ ಇಲ್ಲ.

ಇವುಗಳ ನಡುವೆ ಗೈರೋ ಎಂಬ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ ಇದೆ. ಕಾರಿನ ಬಾಲ ಜಾರಿದ ಕೂಡಲೇ ಅದಕ್ಕೆ ಗೊತ್ತಾಗಿ, ನಾವು ಹೇಳುವ ಮೊದಲೇ ಮುಂದಿನ ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಎಷ್ಟು ತಿರುಗಿಸಬೇಕು ಎಂಬುದನ್ನು ಆ ತಿರುಪು ಹೇಳುತ್ತದೆ. ಇಬ್ರಾಹಿಂ ಮೊದಮೊದಲು ಇದರೊಡನೆ ಜಗಳವಾಡಿದ. ಜೀಪು ಜಾರಿದರೆ ಸ್ಟೇರಿಂಗ್ ಎದುರು ತಿರುಗಿಸುವುದು ಅವನ ರಕ್ತದಲ್ಲಿತ್ತು. ಅವನೂ ತಿದ್ದುವನು, ಗೈರೋವೂ ತಿದ್ದುವುದು. ಇಬ್ಬರೂ ತಿದ್ದಿದ ಕಾರು ಬುಗುರಿಯಂತೆ ಸುತ್ತುವುದು. ಅವನ ಹಠಕ್ಕೆ ಗೈರೋವನ್ನು ಕಡಿಮೆ ಮಾಡಿಕೊಟ್ಟೆ. ಅಷ್ಟಾದ ಮೇಲೂ ಕಾರು ನೆಟ್ಟಗಾಗಲಿಲ್ಲ. ಅವನ ಬಲಗೈ ನಡುಗುತ್ತಿತ್ತು. ಆ ನಡುಕಕ್ಕೇ ಡಾಕ್ಟರು ಜೀಪು ಬಿಡಿಸಿದ್ದರು. ಜೀಪು ಅವನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು.

ಒಂದು ಸಂಜೆ ಇಬ್ರಾಹಿಂ ರಿಮೋಟನ್ನು ಚೀಲಕ್ಕೆ ಹಾಕಿ, “ನಾಳೆಯಿಂದ ನಾನು ಬರಾಕಿಲ್ಲ ಕಣೋ. ಈ ಕೈಗೆ ಆಟದ ಕಾರೂ ಬಗ್ಗಾಕಿಲ್ಲ” ಎಂದ.

“ಕೈಯಲ್ಲ ಮಾರಾಯ, ಸ್ಪ್ರಿಂಗು ಸರಿ ಇಲ್ಲ. ಇಲ್ಲಿ ಕೊಡು” ಎಂದೆ.

ತಪ್ಪು ಅಲ್ಲಿ ಶುರುವಾಯಿತು. ಮನೆಯಲ್ಲಿ ಸ್ಪ್ರಿಂಗು ಮುಟ್ಟಲೇ ಇಲ್ಲ. ಗೈರೋ ತಿರುಪನ್ನು ಏರಿಸಿದೆ. ಬೆರಳಿನ ಸಣ್ಣ ಅಲುಗಾಟ ಚಕ್ರಕ್ಕೆ ತಲುಪದಂತೆ ರಿಮೋಟನ್ನೂ ಮಂದ ಮಾಡಿದೆ. ಮರುವಾರ ಇಬ್ರಾಹಿಮನ ಕಾರು ಹಾವಿನ ಹಾಗೆ ಹರಿಯಿತು. ಯಾರ ಕಾರು ಸುತ್ತಿ ನಿಲ್ಲದೆ ಹೆಚ್ಚು ಹೊತ್ತು ಜಾರುತ್ತದೆ ಎಂಬ ನಮ್ಮ ಪಂದ್ಯದಲ್ಲಿ ನಂಜೇಗೌಡನನ್ನು ಸೋಲಿಸಿತು, ನನ್ನನ್ನೂ ಸೋಲಿಸಿತು. ಸೋತ ಸಂತೋಷದಲ್ಲಿ ಮನೆಗೆ ಹೋದೆ. ಉಪಕಾರ ಮಾಡಿದೆ ಎಂದುಕೊಂಡವನಿಗೆ ಬರುವಷ್ಟು ಒಳ್ಳೆಯ ನಿದ್ದೆ ಇನ್ನಾರಿಗೂ ಬರುವುದಿಲ್ಲ.

ಆ ನಿದ್ದೆ ಹೆಚ್ಚು ದಿನ ಉಳಿಯಲಿಲ್ಲ. ಇಬ್ರಾಹಿಂ ಕಣದ ಕಟ್ಟೆಯ ಮೇಲೆ ಕೂತು, “ಕೈ ಸರಿಯಾಗ್ಬುಟ್ಟೈತೆ. ನೋಡ್ತಿದೀರಲ್ಲ. ಭಾನುವಾರ ಜೀಪು ತೆಗೀತೀನಿ. ಹೆತ್ತೂರಿಗೆ, ನಮ್ಮ ತಂಗಿ ಮನೆಗೆ ಊಟಕ್ಕೆ. ನೀವಿಬ್ರೂ ಬರ್ಬೇಕು” ಎಂದ. ನಂಜೇಗೌಡ ತಕ್ಷಣ ಒಪ್ಪಿದ. ಇಬ್ರಾಹಿಮನ ತಂಗಿಯ ಬಿರಿಯಾನಿ ಅವನಿಗೆ ಗೊತ್ತು. ನನಗೆ ಹೆತ್ತೂರಿನ ತಿರುವುಗಳು ಗೊತ್ತು. ಅಲ್ಲಿ ಜಾರಿದರೆ ಕೆಳಗೆ ಮೆಣಸು ಹರಡಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಅವನ ಮನೆ ಮುಂದೆ ತೊಳೆದ ಜೀಪು ನಿಂತಿತ್ತು. ಇಬ್ರಾಹಿಂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ನಂಜೇಗೌಡ ಆಗಲೇ ಹಿಂದಿನ ಸೀಟಿನಲ್ಲಿದ್ದ. ನಾನು ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಹೋಗಿದ್ದೆ.

“ಮೊದ್ಲು ಆಟದ ಕಾರು ತಗೊಂಡು ಬಾ” ಎಂದೆ.

ಅವನ ಎದುರಿಗೇ ಮುಚ್ಚಳ ತೆಗೆದು ತಿರುಪನ್ನು ಪೂರ್ತಿ ಇಳಿಸಿದೆ, ರಿಮೋಟನ್ನು ಮೊದಲಿನಂತೆ ಮಾಡಿದೆ, ಜೀಪಿನ ಪಕ್ಕದ ನೆಲದ ಮೇಲೆ ಬಿಟ್ಟು “ಓಡಿಸು” ಎಂದೆ. ಕಾರು ಎರಡು ಸುತ್ತು ಗಿರಗಿರನೆ ತಿರುಗಿ ಜೀಪಿನ ಟಯರಿಗೆ ಬಡಿದು ಬೋರಲಾಯಿತು. ಇಬ್ರಾಹಿಂ ಕಾರನ್ನು ನೋಡಲಿಲ್ಲ, ತನ್ನ ಕೈ ನೋಡಿಕೊಂಡ.

“ಸ್ಪ್ರಿಂಗು ಅಂದಿದ್ದೆ ನೀನು.”

“ಸುಳ್ಳು ಹೇಳಿದ್ದೆ. ನೀನು ಆಟ ಬಿಟ್ಬುಡ್ತೀಯ ಅಂತ.”

ಹಿಂದಿನ ಸೀಟಿನಿಂದ ನಂಜೇಗೌಡನ ದನಿ ಬಂತು: “ಹಂಗಾದ್ರೆ ಇಷ್ಟು ದಿನ ನಾನು ಸೋತಿದ್ದು ಯಾರಿಗೆ ಮಾರಾಯ?”

ಇಬ್ರಾಹಿಂ ನಗಲಿಲ್ಲ. ಬೀಗದ ಕೈಯನ್ನು ಬಹಳ ಹೊತ್ತು ಬೆರಳಲ್ಲಿ ಹಿಡಿದಿದ್ದು, ನನ್ನ ಕಡೆ ಚಾಚಿದ. “ಬಿರಿಯಾನಿ ಇಟ್ಟಾಗೈತಂತೆ. ನೀನೇ ಓಡ್ಸು. ಇನ್ಮೇಲೆ ಕೈ ಸರಿ ಇಲ್ಲ ಅಂದ್ರೆ ಸರಿ ಇಲ್ಲ ಅಂತ್ಲೇ ಹೇಳು. ಸ್ಪ್ರಿಂಗು ಗಿಂಗು ಅನ್ಬೇಡ.”

ಹೇಳುತ್ತೇನೆ ಎಂದೆ. ಜೀಪು ಹೊರಟಿತು. ಇಬ್ರಾಹಿಂ ನನ್ನ ಪಕ್ಕ ಕುಳಿತ. ಪೇಟೆ ದಾಟುವ ಮೊದಲೇ ಶುರುವಾಯಿತು: ಗೇರು ಇಳ್ಸು, ಹಾರ್ನ್ ಹೊಡಿ, ಅಷ್ಟು ಒಳಗೆ ಹಿಡೀಬ್ಯಾಡ, ಲಾರಿ ಬರ್ತೈತೆ ನೋಡು. ಹೆತ್ತೂರು ಮುಟ್ಟುವವರೆಗೂ ನಿಲ್ಲಲಿಲ್ಲ. ಇಬ್ಬರು ತಿದ್ದಿದ ಗಾಡಿ ಏನಾಗುತ್ತದೆ ಎಂದು ಕಣದಲ್ಲಿ ನೋಡಿದ್ದರಿಂದ ನಾನು ಎದುರು ಮಾತಾಡಲಿಲ್ಲ. ಅವನ ಬಾಯಿಗೆ ತಿರುಪಿಲ್ಲ. ಅವನ ಕಡೆಗಿದ್ದ ನನ್ನ ಎಡಗಿವಿ ಮಾತ್ರ ಮೊದಲಿನಿಂದಲೂ ಅರ್ಧ ಕಿವುಡು. ಆ ಕಿವಿ ಅರ್ಧಕ್ಕಿಳಿಸಿ ನನಗೆ ಕೊಟ್ಟಷ್ಟನ್ನು ಕೇಳಿಕೊಂಡು ಓಡಿಸಿದೆ. ಜೀಪು ಎಲ್ಲೂ ಜಾರಲಿಲ್ಲ.