ಉಮಾನಾಥ ಆರಿಸಿದ ತ್ರೀ ನಾಟ್ ತ್ರೀ

“ಎಂತ ಮಾಡುದು ಅಮ್ಮ, ಬಾಯಿ ತಪ್ಪಿ ಬಂತು. ಊಟದ ಬ್ರೇಕಲ್ಲಿ ಎಲ್ಲರದ್ದೂ ಜಿಂಕೆ ಬೇಟೆಯ ಮಾತು. ನಾನು ಸುಮ್ಮನೆ ಕೂತದ್ದು ನೋಡಿ ಡ್ಯಾರಿಲ್ ಕೇಳಿದ, ನಿಮ್ಮ ಕಡೆ ಬೇಟೆ ಉಂಟಾ ಅಂತ. ನಮ್ಮ ಮನೆಯಲ್ಲೇ ಕೋವಿ ಉಂಟು, ಹಂದಿ ಹೊಡ್ದಿದ್ದೇನೆ ಅಂದುಬಿಟ್ಟೆ. ಹೊಡೆದದ್ದು ಅಣ್ಣ. ನಾನು ಟಾರ್ಚು ಹಿಡಿದವ. ಈಗ ಅವ ಬಿಡುದಿಲ್ಲ. ಕೋವಿಯ ಕೋರ್ಸು ಮಾಡಿಸಿದ, ಲೈಸೆನ್ಸೂ ಬಂತು. ಶನಿವಾರ ಹಳೇ ಮಿಲಿಟರಿ ಕೋವಿಯ ಅಂಗಡಿಗೆ ಕರ್ಕೊಂಡು ಹೋಗ್ತಾನಂತೆ. ಚಳಿಗಾಲಕ್ಕೆ ಯಾರನ್ನು ಇಟ್ಟುಕೊಳ್ಳುದು, ಯಾರನ್ನು ಲೇಆಫ್ ಮಾಡುದು ಅಂತ ಹೇಳುವವ ಅವನೇ. ಹೋದ ವರ್ಷ ಅವನೊಟ್ಟಿಗೆ ಬೇಟೆಯ ಕ್ಯಾಂಪಿಗೆ ಹೋದವರೆಲ್ಲ ಕೆಲಸದಲ್ಲಿ ಉಳಿದ್ರು. ಸುಳ್ಳು ಹೇಳಿದ್ದು ಅಂತ ಈಗ ಹೇಳ್ಲಿಕ್ಕುಂಟಾ? ಹೇಳದಿದ್ರೆ ಜಿಂಕೆ ಕೊಲ್ಲಬೇಕು. ನನ್ನ ಕೈಯಲ್ಲಿ ಆಗುದಿಲ್ಲ ಅಮ್ಮ.”

ಉಮಾನಾಥ ಪುತ್ತೂರಿನ ಕಡೆಯವನು. ಈ ಚಳಿದೇಶದ ಸ್ಟೌಫ್‌ವಿಲ್ ಊರಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹೆಂಡತಿ ಶರ್ಮಿಳಾಳ ಜೊತೆ ಬಾಡಿಗೆಗಿದ್ದಾನೆ. ನ್ಯೂಮಾರ್ಕೆಟ್ ಹತ್ತಿರ ಮರದ ಯಾರ್ಡಿನಲ್ಲಿ ಕೆಲಸ. ಡ್ಯಾರಿಲ್ ಅಲ್ಲಿಯ ಮೇಸ್ತ್ರಿ. ಸಂಜೆ ನನ್ನ ಅಡಿಗೆಮನೆಗೆ ಬಂದು ಮಾತಾಡುವುದು ಅವನಿಗೆ ಅಭ್ಯಾಸ.

“ಹಂದಿ ಹೊಡೆದ ಗಂಡಸು ಜಿರಳೆ ಕಂಡ್ರೆ ಕುರ್ಚಿ ಹತ್ತುದು ನೋಡ್ಬೇಕು ನೀವು,” ಎಂದಳು ಶರ್ಮಿಳಾ.

“ನಿಂಗೆ ತಮಾಷೆ,” ಎಂದು ಅವನು ತಲೆ ತಗ್ಗಿಸಿದ.

ಶನಿವಾರ ಅಂಗಡಿಯಲ್ಲಿ ನಡೆದದ್ದನ್ನೂ ಅವನೇ ಹೇಳಿದ. ಕೌಂಟರಿನ ಮೇಲೆ ಮೂರು ಬಂದೂಕು. ರಷ್ಯಾದ್ದು ಮಾವಿನಹಣ್ಣು ಕೀಳುವ ದೋಟಿಯಷ್ಟು ಉದ್ದ. ಇನ್ನೊಂದು ಗಿಡ್ಡದು. ಮೂರನೆಯದು ನಮ್ಮೂರಿನ ಠಾಣೆಯ ಪೊಲೀಸಿನವನ ಹೆಗಲಿಗಿರುತ್ತಿದ್ದ ತ್ರೀ ನಾಟ್ ತ್ರೀ. ಹಿಂದೆ ಡ್ಯಾರಿಲ್ ಕೈಕಟ್ಟಿ ನಿಂತಿದ್ದ. ಉಮಾನಾಥ ಬಂದೂಕು ಮುಟ್ಟಲೇ ಇಲ್ಲ, ಮೊದಲು ತೋಟೆಯ, ಅಂದರೆ ಗುಂಡಿನ, ವಿಚಾರ ಕೇಳಿದ. ತಗಡಿನ ಡಬ್ಬದ ಮಿಲಿಟರಿ ತೋಟೆ ಅಗ್ಗ, ಆದರೆ ಬೇಟೆಗೆ ಅದು ಕೂಡದು, ತುದಿಯಲ್ಲಿ ಸೀಸ ಕಾಣುವಂಥದ್ದೇ ಬೇಕು ಎಂದನಂತೆ ಅಂಗಡಿಯವನು. ಅಂಥದ್ದು ಮೊದಲಿನ ಎರಡಕ್ಕೂ ಕಪಾಟಿನಲ್ಲಿತ್ತು. ತ್ರೀ ನಾಟ್ ತ್ರೀಗೆ?

“ಅದಕ್ಕೆ ಈಗ ಸಿಗುವುದೇ ಕಷ್ಟ. ನಮ್ಮಲ್ಲಿ ಖಾಲಿ. ಯಾವಾಗ ಬರುತ್ತದೋ ಗೊತ್ತಿಲ್ಲ.”

ಉಮಾನಾಥನಿಗೆ ಹೋದ ಜೀವ ಬಂದಂತಾಯಿತು. ತೋಟೆಯೇ ಇಲ್ಲದ ಮೇಲೆ ಯಾರು ಯಾರನ್ನು ಕೊಲ್ಲುವುದು? ಕ್ಯಾಂಪಿಗೆ ಹೋಗಿ ಚಹಾ ಮಾಡಿಕೊಟ್ಟು ಬಂದರಾಯಿತು.

“ಇದೇ ಕೊಡಿ. ನಮ್ಮೂರಿನ ಕೋವಿ ಇದು.”

ಡ್ಯಾರಿಲ್ ಅವನ ಬೆನ್ನು ತಟ್ಟಿದ. “ಆರಿಸುವುದು ನೋಡಿದರೇ ಗೊತ್ತಾಗುತ್ತದೆ, ನೀನು ಬೇಟೆಯವನು. ನನ್ನ ಅಜ್ಜನ ಹತ್ತಿರವೂ ಇದೇ ಇತ್ತು. ಅವನ ಬೇಟೆಯ ತೋಟೆಗಳು ನಮ್ಮ ಬೇಸ್‌ಮೆಂಟಿನಲ್ಲಿ ರಾಶಿ ಬಿದ್ದಿವೆ. ಎಲ್ಲ ನಿನಗೇ.”

ಇದನ್ನು ಹೇಳುವಾಗ ಉಮಾನಾಥನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ನವೆಂಬರಿನಲ್ಲಿ ಕ್ಯಾಂಪಿಗೆ ಹೋದ. ಭಾನುವಾರ ಸಂಜೆ ಬಂದವನು ಷೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತ.

“ಜಿಂಕೆ ಎದುರೇ ಬಂತು ಅಮ್ಮ. ನನ್ನನ್ನೇ ನೋಡ್ತಾ ನಿಂತಿತು. ಡ್ಯಾರಿಲ್ ಪಕ್ಕದಲ್ಲೇ ಇದ್ದ. ನಾನು ಆಚೆಯ ಮರಕ್ಕೆ ಹೊಡ್ದೆ.”

“ಅವನಿಗೆ ಗೊತ್ತಾಯ್ತೇನಪ್ಪ?”

“ಎಲ್ಲಿ ಗೊತ್ತಾಗ್ತದೆ? ಹಳೇ ಕೋವಿ, ಗುರಿ ಸ್ವಲ್ಪ ಆಚೀಚೆ ಉಂಟು, ಬೇಸರ ಮಾಡ್ಬೇಡ ಅಂತ ನನಗೇ ಸಮಾಧಾನ ಹೇಳಿದ. ಚಳಿಗಾಲಕ್ಕೆ ಕೆಲಸ ಉಂಟಂತೆ. ಮುಂದಿನ ವರ್ಷಕ್ಕೆ ಅವನೇ ಗುರಿ ಸರಿ ಮಾಡಿಸಿ ಕೊಡ್ತಾನಂತೆ. ನನ್ನ ಹೆಸರು ಆಗಲೇ ಸೇರಿಸಿಯಾಗಿದೆ.”

ಹೇಳಿಬಿಡಪ್ಪ ನಿಜವನ್ನು ಎಂದೆ.

“ಇನ್ನು ಹೇಳಿದ್ರೆ ಅವನ ಅಜ್ಜನಿಗೇ ಅವಮಾನ ಮಾಡಿದ ಹಾಗೆ ಆಗ್ತದೆ ಅಮ್ಮ,” ಎಂದ.

ಸೋಮವಾರ ಬೆಳಗ್ಗೆ ಕಿಟಕಿಯಿಂದ ನೋಡಿದೆ. ಉಮಾನಾಥ ಶಿಫ್ಟಿಗೆ ಹೊರಟಿದ್ದ. ಇಂಜಿನ್ ಚಾಲೂ ಇಟ್ಟು, ಕಾರಿನ ಮುಂದಿನ ಗಾಜಿಗೆ ಕಟ್ಟಿದ್ದ ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒಂದು ಮೂಲೆಯಿಂದ ಕೆರೆಯುತ್ತಿದ್ದ. ಕೆಲಸವೂ ಉಳಿದಿತ್ತು, ಸುಳ್ಳೂ ಉಳಿದಿತ್ತು.