ಎರಡು ಸಲ ಇಳಿಸಿದ ಗೇರ್ ಬಾಕ್ಸ್

ಕಮಲಾಪುರದ ಶಾಲೆಯಲ್ಲಿ ಪಾಠ ಮುಗಿಸಿ ಮರಳುವಾಗ, ಒಂದು ಶುಕ್ರವಾರ ಕಾರು ಕೈಕೊಟ್ಟಿತು. ಎಂಜಿನ್ ಅರಚುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಹೇಗೋ ಗಾಜಿಪುರದ ಮನೆ ಮುಟ್ಟಿದೆ. ಅಂಗಳದಲ್ಲಿ ಕುಳಿತಿದ್ದ ನನ್ನ ಗಂಡ ಸುಟ್ಟ ವಾಸನೆ ಹಿಡಿದೇ ಹೇಳಿದರು: "ಕ್ಲಚ್ ಪ್ಲೇಟ್ ಹೋಗ್ಯದ. ಮನ್ಯಾಗ ನಾವೇ ಹಾಕೋಣು."

ನಾವು ಅಂದರೆ ನಾನು. ಬಹಳ ವರ್ಷ ಗ್ಯಾರೇಜು ನಡೆಸಿದ್ದ ಅವರ ಬಲಗೈ, ಬಲಗಾಲು ಲಕ್ವಾ ಹೊಡೆದು ಬಿದ್ದುಹೋಗಿದ್ದವು. ಮಾತು ಮರಳಿತ್ತು. ಆದರೆ ಕೆಲವೊಮ್ಮೆ ಬಿಸಿ ಅನ್ನುವಲ್ಲಿ ತಣ್ಣಗೆ, ನಿನ್ನೆ ಅನ್ನುವಲ್ಲಿ ನಾಳೆ ಎನ್ನುತ್ತಿದ್ದರು. ಬೇರೆ ಮೆಕ್ಯಾನಿಕ್ಕನ್ನು ಕರೆಸೋಣವೆಂದರೆ ಊಟ ಬಿಟ್ಟು ಮಲಗಿದರು. ವಾದಿಸುವ ತ್ರಾಣ ನನಗಿರಲಿಲ್ಲ. ಮರುದಿನ ಸೂಪರ್ ಮಾರ್ಕೆಟ್ ಪೇಟೆಯ ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಪ್ಲೇಟು ತಂದೆ.

ಭಾನುವಾರ ಬೆಳಿಗ್ಗೆ ಕಾರನ್ನು ಎತ್ತಿ ನಿಲ್ಲಿಸಿ, ಹಳೆಯ ಸೀರೆ ಹಾಸಿಕೊಂಡು ಕೆಳಗೆ ಹೊಕ್ಕೆ. ಅವರು ಕುರ್ಚಿಯಿಂದ ಹೇಳುವರು, ನಾನು ಬಿಚ್ಚುವೆ. ಎಣ್ಣೆ ಕುತ್ತಿಗೆಗಿಳಿಯಿತು. ಒಂದು ಬೋಲ್ಟು ಅರ್ಧ ತಾಸಾದರೂ ಕದಲಲಿಲ್ಲ.

"ಕೈಲೆ ಅಲ್ಲ, ಮೈಭಾರ ಹಾಕು."

"ನೀವೇ ಬಂದು ಹಾಕ್ರಿ!" ಎಂದುಬಿಟ್ಟೆ. ಆಮೇಲೆ ಅವರು ಹೇಳಿದಂತೆ ಮೈಭಾರ ಹಾಕಿದೆ, ಬೋಲ್ಟು ಕದಲಿತು.

ಗೇರ್ ಬಾಕ್ಸ್ ಇಳಿಸುವಾಗ ಪಕ್ಕದ ಮನೆಯ ಹಿರಿಯಕ್ಕ ಆಪಾ ಓಡಿಬಂದು ಜಾಕು ಹಿಡಿದರು. "ಯಾ ಅಲ್ಲಾ, ಹೆರಿಗಿ ಮಾಡಿಸ್ದಂಗ ಆತಲ್ರೀ!" ಎಂದು ಸೆರಗಿನಿಂದ ಬೆವರು ಒರೆಸಿಕೊಂಡರು.

ನಾನು ಹೊಸ ಪ್ಲೇಟು ಕೈಗೆತ್ತಿಕೊಂಡಾಗ ನನ್ನ ಗಂಡ, "ಸ್ಪ್ರಿಂಗ್ ಇದ್ದ ಉಬ್ಬು ಮುಖ ಒಳಗ, ಎಂಜಿನ್ ಕಡೆ," ಎಂದರು. ಹಳೆಯದರ ಉಬ್ಬು ಹೊರಗಿದ್ದಂತೆ ನನಗೆ ನೆನಪು. ಕೇಳಲಿಲ್ಲ. ಕೇಳಿದರೆ ಮತ್ತೆ ಮಾತು, ಮತ್ತೆ ಮುನಿಸು. ಹೇಳಿದಂತೆಯೇ ಹಾಕಿದೆ.

ಎಲ್ಲ ಜೋಡಿಸಿ, ಸಂಜೆ ಕ್ಲಚ್ ಒತ್ತಿ ನೋಡಿದರೆ ಗೇರು ಬೀಳಲೊಲ್ಲದು. ಕರಕರ ಸದ್ದು.

"ನಾ ಒಳಗ ಅಂದ್ನೇನು?" ಎಂದು ಕೇಳಿದರು.

"ಇಲ್ರೀ, ನಾನೇ ಉಲ್ಟಾ ಹಾಕೀನಿ."

"ಸುಳ್ಳು ಹೇಳಬ್ಯಾಡ. ನನ್ನ ಬಾಯಿ ನನ್ನ ಮಾತ ಕೇಳವಲ್ದು." ಎಡಗೈಯಿಂದ ಮುಖ ಮುಚ್ಚಿಕೊಂಡರು. ಸಮಾಧಾನ ಹೇಳಬೇಕಿತ್ತು. ನಾನು ಚಕ್ರಕ್ಕೆ ಒರಗಿ ಕುಳಿತೆ. ಅನುಮಾನ ಬಂದಿದ್ದೂ ಕೇಳದೇ ಹೋದದ್ದನ್ನು ಅವರಿಗೆ ಹೇಳಲಾಗಲಿಲ್ಲ.

ವಾರವಿಡೀ ಬಸ್ಸಿನಲ್ಲಿ ನಿಂತು ಶಾಲೆಗೆ ಓಡಾಡಿದೆ. ಮುಂದಿನ ಭಾನುವಾರ ಮತ್ತೆ ಅದೇ ಸೀರೆ, ಅದೇ ಬೋಲ್ಟುಗಳು. ಈ ಸಲ ಅವರು ಕುರ್ಚಿ ಬೇಡವೆಂದರು. ನಾನೂ ಆಪಾನೂ ಹಿಡಿದು ನೆಲದ ಮೇಲೆ ಕೂರಿಸಿದೆವು. ಪ್ಲೇಟನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಉಬ್ಬು ಸವರಿ, ತಿರುಗಿಸಿ, ಒಂದೂ ಮಾತಿಲ್ಲದೆ ನನ್ನ ಅಂಗೈಗಿಟ್ಟರು. ಹಾಗೇ ಹಾಕಿದೆ. ಆಮೇಲೆ ಪ್ರತಿಯೊಂದು ಬೋಲ್ಟನ್ನೂ ಅವರು ಆರಿಸಿ ಕೊಡುತ್ತಿದ್ದರು, ನಾನು ಕೈ ಚಾಚುತ್ತಿದ್ದೆ.

ಹೊತ್ತು ಇಳಿಯುವಾಗ ಸೀಟಿನಲ್ಲಿ ಕುಳಿತೆ.

"ಕ್ಲಚ್ ಬಿಡು," ಎಂದರು.

"ಒತ್ತಲೇನ್ರೀ?"

ಒಂದು ಕ್ಷಣ ಯೋಚಿಸಿ, "ಹ್ಞಾಂ, ಒತ್ತು," ಎಂದರು.

ಗೇರು ಸದ್ದಿಲ್ಲದೆ ಬಿತ್ತು. ಆಪಾ ಚಪ್ಪಾಳೆ ತಟ್ಟಿದರು. ನನಗೆ ನಗುವಷ್ಟೂ ಶಕ್ತಿ ಉಳಿದಿರಲಿಲ್ಲ.

ಸೋಮವಾರ ತರಗತಿಯಲ್ಲಿ ಕರಿಹಲಗೆಗೆ ತೋಳು ಎತ್ತಲಾಗಲಿಲ್ಲ. ಪಾಠವನ್ನು ಮಕ್ಕಳಿಂದಲೇ ಓದಿಸಿ, ಕಿಟಕಿಯ ಕಟ್ಟೆಗೆ ಆನಿಕೊಂಡು ನಿಂತೆ.