ಒರತೆಯಿಂದ ಹೊಸ್ತಿಲವರೆಗೆ ಒಂದು ಹಾಡು

ಗೌರಿ ಹಬ್ಬದ ಹಿಂದಿನ ಮಧ್ಯಾಹ್ನ ಜಗಲಿಯಲ್ಲಿ ನಾವು ಐದು ಜನ ಕೂತಿದ್ದೆವು. ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದ ದೊಡ್ಡಮ್ಮ, ಅವರ ಮಗ, ಅಂದರೆ ನನ್ನ ಅಣ್ಣ, ತೋಟದ ಕೆಲಸ ಮುಗಿಯಿತೆಂದರೆ ಯಕ್ಷಗಾನದ ಹುಚ್ಚಿನವನು, ಚಿಕ್ಕಮಗಳೂರಿನ ಕಾಲೇಜಿನಿಂದ ಹಬ್ಬಕ್ಕೆ ಬಂದಿದ್ದ ಅಣ್ಣನ ಮಗಳು, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ, ಭಾನುವಾರ ಚರ್ಚಿನಲ್ಲಿ ಹಾಡುವ, ನಾವೆಲ್ಲ ಬಾಯಮ್ಮ ಎಂದು ಕರೆಯುವವರು, ಆಮೇಲೆ ನಾನು. ಕಾಫಿ ಒಣಗಿಸುವ ಕಣದ ಮೇಲೆ ಮಂಜು ಮೆಲುಕು ಹಾಕುವ ದನದ ಹಾಗೆ ಸುಮ್ಮನೆ ಮಲಗಿತ್ತು.

"ಈ ಸಲ ಗೌರಿ ತರೋದು ಬ್ಯಾಡ" ಎಂದರು ದೊಡ್ಡಮ್ಮ. ಎಂದರು ಅನ್ನುವುದಕ್ಕಿಂತ ಉಸಿರು ಬಿಟ್ಟರು ಅನ್ನಬೇಕು. ಬೇಸಿಗೆಯಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಅವರ ಬಾಯಿಂದ ಮಾತಿನ ಆಕಾರದ ಗಾಳಿಯಷ್ಟೇ ಬರುತ್ತಿತ್ತು.

ನಮ್ಮ ಮನೆಯಲ್ಲಿ ಗೌರಿ ಬರುವುದು ತೋಟದ ಕೆಳಗಿನ ಒರತೆಯಿಂದ. ಕಲಶದಲ್ಲಿ ನೀರು ತುಂಬಿ, ದಾರಿಯುದ್ದಕ್ಕೂ ಸೋಬಾನೆ ಹೇಳುತ್ತಾ ಹೊಸ್ತಿಲಿಗೆ ತರಬೇಕು. ಹಾಡು ನಿಂತರೆ ಕಲಶ ಹೊತ್ತವರ ಕಾಲೂ ನಿಲ್ಲಬೇಕು, ಇದು ಕಟ್ಟುನಿಟ್ಟು. ಇಷ್ಟೂ ವರ್ಷ ಹಾಡು ಎತ್ತಿದವರು ದೊಡ್ಡಮ್ಮ ಒಬ್ಬರೇ. ಅವರ ಅತ್ತೆಯಿಂದ ಅವರಿಗೆ ಬಂದ ಹಾಡು. ಅದು ತಮ್ಮ ಗಂಟಲಿನ ಜೊತೆಗೇ ಹೋಯಿತೆಂಬ ಸಂಕಟ ಅವರ ಬತ್ತಿ ಹೊಸೆಯುವ ಬೆರಳಿನಲ್ಲೇ ಕಾಣುತ್ತಿತ್ತು.

"ಹಾಡಿಲ್ಲದಿದ್ರೆ ಏನಾತು, ಸುಮ್ನೆ ತಂದ್ರಾತಪ್ಪ" ಎಂದ ಅಣ್ಣ.

"ಸುಮ್ನೆ ತರಕ್ಕೆ ಅವಳೇನು ಗ್ಯಾಸ್ ಸಿಲಿಂಡರಾ?"

"ನಾವೇ ಹೇಳ್ತೀವಿ ಅಜ್ಜಿ" ಎಂದಳು ಹುಡುಗಿ.

"ಹೇಳ್ರಿ ನೋಡಾಣ."

ಆಗ ಬಯಲಾಯಿತು ನಮ್ಮ ಬಂಡವಾಳ. ದೊಡ್ಡಮ್ಮ ಉಸಿರಿನಲ್ಲೇ ಪದ ಹೇಳಿಕೊಟ್ಟರು: "ಹೊಳೆ ದಾಟಿ ಬಾ ಗೌರಿ, ಹಳು ದಾಟಿ ಬಾ ಗೌರಿ, ಮಂಜಿನ ಸೆರಗ ಹೊದ್ದುಕೊಂಡು." ನಾವು ಬಾಯಿ ತೆರೆದೆವು. ಯಾರಿಗೂ ಧಾಟಿ ಬರಲಿಲ್ಲ. ಇಷ್ಟು ವರ್ಷ ಅವರು ಸಾಲು ಎತ್ತುತ್ತಿದ್ದರು, ನಾವು ಹಿಂದಿನಿಂದ "ಸೋಬಾನವೇ" ಎಂದು ಬಾಲ ಹಿಡಿಯುತ್ತಿದ್ದೆವು. ಬಾಲ ಎಲ್ಲರಿಗೂ ಬರುತ್ತಿತ್ತು. ಹುಲಿ ಯಾರಿಗೂ ಗೊತ್ತಿರಲಿಲ್ಲ.

"ಇಷ್ಟು ವರ್ಷದಿಂದ ಕೇಳ್ತಿದ್ರಲ್ಲೋ!"

"ಎಲ್ಲಿ ಕೇಳಿದ್ದು? ನೀ ಯಾವಾಗ ನಿಲ್ಸ್ತೀ, ನಮ್ದು ಯಾವಾಗ ಬರುತ್ತೆ ಅಂತ ಕಾಯ್ತಿದ್ವಿ ಕಣೇ ಅಮ್ಮ."

ಹುಡುಗಿ ಫೋನೆಲ್ಲ ಜಾಲಾಡಿದಳು. ಹಿಂದಿನ ಹಬ್ಬಗಳ ಸೀರೆಯ ಫೋಟೋ ಇತ್ತು, ಮಂಟಪದ್ದು ಇತ್ತು, ಪಾಯಸದ್ದೂ ಇತ್ತು. ಹಾಡನ್ನು ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ದಿನಾ ಕುಡಿಯುವ ನೀರಿನ ಫೋಟೋ ಯಾರು ತೆಗೆಯುತ್ತಾರೆ?

ಕೊನೆಗೆ ಬಾಯಮ್ಮ ಮೆಲ್ಲಗೆ ಹೇಳಿದರು: "ನಮ್ಮ ಚರ್ಚಲ್ಲೂ ಒಂದೇ ಪದಕ್ಕೆ ಎರಡು ಮೂರು ರಾಗ ಇದಾವೆ ದೊಡ್ಡಮ್ಮ. ದೇವರು ಯಾವತ್ತೂ ಸಿಟ್ಟಾಗಿಲ್ಲ."

ದೊಡ್ಡಮ್ಮ ಹೊಸೆದ ಬತ್ತಿಗಳನ್ನು ತಟ್ಟೆಗೆ ಹಾಕಿದರು. "ಕಲಶ ನಾನೇ ಹೊರ್ತೀನಿ. ನಿಲ್ಸಿದ್ರೋ, ನಾನೂ ಅಲ್ಲೇ ನಿಲ್ತೀನಿ. ಜಿಗಣೆ ಹತ್ತಿದ್ರೂ ಅಷ್ಟೇ."

ಬೆಳಿಗ್ಗೆಯೂ ಮಂಜು ಹಾಗೇ ಇತ್ತು. ಕಾಫಿ ಗಿಡಗಳ ನಡುವಿನ ದಾರಿ ನಾಲ್ಕು ಹೆಜ್ಜೆ ಕಂಡು ಆಮೇಲೆ ಕರಗುತ್ತಿತ್ತು. ದೊಡ್ಡಮ್ಮ ಒರತೆಯಲ್ಲಿ ಕಲಶ ತುಂಬಿ ಸೊಂಟಕ್ಕೇರಿಸಿದರು. ಅಣ್ಣ ಭಾಗವತರ ಗತ್ತಿನಲ್ಲಿ ಕಿವಿಗೆ ಕೈಯಿಟ್ಟು "ಹೊಳೆ ದಾಟಿ ಬಾ" ಎಂದು ಎತ್ತಿದ ರಭಸಕ್ಕೆ ಗೌರಿ ಯುದ್ಧಕ್ಕೆ ಹೊರಟಂತಿತ್ತು. ದೊಡ್ಡಮ್ಮನ ಕಾಲು ತಾನಾಗಿ ಧಿಮಿ ಧಿಮಿ ಬಿತ್ತು. ಏರು ಬಂದಲ್ಲಿ ಅಣ್ಣನ ಉಸಿರು ಕಟ್ಟಿತು. ಹಾಡು ನಿಂತಿತು. ದೊಡ್ಡಮ್ಮ ಕಲಶದ ಸಮೇತ ಕಂಬದ ಹಾಗೆ ನಿಂತರು.

ಬಾಯಮ್ಮ ಎತ್ತಿಕೊಂಡರು. ಅವರ ಧಾಟಿ ಮೇಣದ ಬತ್ತಿಯ ಬೆಳಕಿನಂತೆ ನೆಟ್ಟಗೆ, ನಿಧಾನ. ದೊಡ್ಡಮ್ಮ ಈಗ ತೇಲುತ್ತಾ ನಡೆದರು, ಕಲಶದ ನೀರು ಅಲುಗಲಿಲ್ಲ. ನಾನು ತೊಟ್ಟಿಲು ತೂಗುವ ಧಾಟಿಯಲ್ಲಿ ಒಂದು ಸಾಲು ಹೇಳಿದೆ. "ನಿದ್ದೆ ಬರ್ಸ್‌ಬೇಡ ಮಾರಾಯ, ಇನ್ನೂ ದಾರಿ ಇದೆ" ಎಂದ ಅಣ್ಣ. ಅಷ್ಟರಲ್ಲಿ ಹುಡುಗಿ ಅಂಗೈಯನ್ನು ಬಾಯಿಗೆ ಮುಚ್ಚಿ ಡುಬುಕು ಡುಬುಕು ತಾಳ ಹೊರಡಿಸಿ, ಹೊಳೆ-ಹಳು-ಗೌರಿಗಳನ್ನು ಕಾಳಿನ ಹಾಗೆ ಪಟಪಟನೆ ಉದುರಿಸತೊಡಗಿದಳು. ದೊಡ್ಡಮ್ಮ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಅವರ ಸೊಂಟದ ಮೇಲಿನ ಕಲಶ ಒಂದೆರಡು ಸಲ ಕುಪ್ಪಳಿಸಿದ್ದನ್ನು ನಾವೆಲ್ಲ ನೋಡಿದೆವು. ಗಿಡದ ಮರೆಯಲ್ಲಿ ಕಳೆ ಸವರುತ್ತಿದ್ದ ಹೆಂಗಸರು ಕತ್ತಿ ಕೆಳಗಿಟ್ಟು ನಕ್ಕರು. ಒಬ್ಬಳು ಚಪ್ಪಾಳೆ ಸೇರಿಸಿದಳು.

ಸಾಲು ಯಾರದೇ ಇರಲಿ, ಕೊನೆಗೆ "ಸೋಬಾನವೇ" ಬಂದಾಗ ಮಾತ್ರ ಎಲ್ಲರೂ ಹಳೆಯ ಧಾಟಿಗೆ ಮರಳುತ್ತಿದ್ದೆವು. ನಮಗೆ ಬರುತ್ತಿದ್ದುದು ಅದೊಂದೇ. ಎಲ್ಲೆಲ್ಲೋ ಅಲೆದವರು ಊಟದ ಹೊತ್ತಿಗೆ ಮನೆ ಸೇರಿದ ಹಾಗೆ.

ಹೊಸ್ತಿಲು ದಾಟಿ ಕಲಶ ಇಳಿಸಿದ ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಪಾಪ ಗೌರಿ. ಇವತ್ತು ಅವಳಿಗೆ ಮೈಕೈ ನೋವು" ಎಂದರು. ಕಣ್ಣು ಒದ್ದೆಯಾಗಿತ್ತು, ಮಂಜಿನಿಂದಲೂ ಇದ್ದೀತು.

ಆ ವರ್ಷ ಕಾಫಿ ಹಣ್ಣಿನ ಕೊಯ್ಲಿನ ಹೊತ್ತಿಗೆ ದೊಡ್ಡಮ್ಮನ ಗಂಟಲು ಇನ್ನೂ ಹಾಗೇ ಇತ್ತು. ಒಂದು ಬಿಸಿಲಿನ ಬೆಳಿಗ್ಗೆ ಅವರು ಕಣದ ಅಂಚಿನಲ್ಲಿ ಕೂತು ಕಾಫಿಯಲ್ಲಿ ಕಸ ಆರಿಸುತ್ತಿದ್ದರು. ಕೆಳಗೆ ಕೊಯ್ಯುತ್ತಿದ್ದ ಹೆಂಗಸರಲ್ಲಿ ಒಬ್ಬಳು, ಅವತ್ತು ಚಪ್ಪಾಳೆ ತಟ್ಟಿದವಳೇ, ಕುಕ್ಕೆಗೆ ಹಣ್ಣು ಬೀಳುವ ಲಯದಲ್ಲಿ ತನ್ನದೇ ಧಾಟಿ ಹಚ್ಚಿ "ಹೊಳೆ ದಾಟಿ ಬಾ ಗೌರಿ" ಎಂದು ಎತ್ತಿದಳು. ದೊಡ್ಡಮ್ಮ ಕೈ ನಿಲ್ಲಿಸಿ, ಸಾಲು ಮುಗಿಯುವವರೆಗೆ ಕಾದರು. ಆಮೇಲೆ ಉಸಿರಿನಲ್ಲೇ "ಸೋಬಾನವೇ" ಎಂದು ಬಾಲ ಹಿಡಿದು, ಮತ್ತೆ ಕಸ ಆರಿಸತೊಡಗಿದರು.